ಪ್ರವಾಹದ ಊರಿಗೆ ಗಾಡಿ ಹೊರಡುವ ಮೊದಲು: ಪರಿಹಾರ ತಂಡದ ಅಪಾಯ ಅಳೆಯುವ ಬಗೆ, ಹಂತ ಹಂತವಾಗಿ

2019ರ ಆಗಸ್ಟ್. ಮಲಪ್ರಭಾ ಉಕ್ಕಿ ನರಗುಂದ, ರೋಣ ತಾಲ್ಲೂಕಿನ ಊರುಗಳು ನೀರಲ್ಲಿ ನಿಂತಿದ್ದವು. ಹುಬ್ಬಳ್ಳಿಯ ಓಣಿ ಓಣಿಯಿಂದ ಜನ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಚಾದರ ಗಂಟು ಕಟ್ಟಿ ಕಳಿಸುತ್ತಿದ್ದರು. ನಾನು ಒಂದು ಟಾಟಾ ಏಸ್‌ನ ಹಿಂದೆ ರೊಟ್ಟಿ ಗಂಟುಗಳ ನಡುವೆ ಕೂತಿದ್ದೆ. ಸಂಜೆ ಐದೂವರೆಗೆ ಒಂದು ಹಳ್ಳದ ಸಣ್ಣ ಸೇತುವೆ ಹತ್ತಿರ ಬಂದೆವು. ಸೇತುವೆ ಮೇಲೆ ನೀರು ತೆಳ್ಳಗೆ ಹರಿಯುತ್ತಿತ್ತು. ಆಚೆ ದಂಡೆಯಲ್ಲಿ ಜನ ಕಾಯುತ್ತಿದ್ದರು. ಡ್ರೈವರ್ ಗೇರ್ ಹಾಕಿದ.

ಈಚೆ ದಂಡೆಯಲ್ಲಿ ಒಬ್ಬ ಅಜ್ಜ ಕೂತಿದ್ದರು. ನೀರಿನ ಅಂಚಿಗೆ ಒಂದು ಹತ್ತಿ ಕಟ್ಟಿಗೆ ಚುಚ್ಚಿ, ಅದಕ್ಕೆ ಕೆಂಪು ಅರಿವೆಯ ಚೂರು ಕಟ್ಟಿದ್ದರು. ಆ ಅರಿವೆ ಈಗ ನೀರಲ್ಲಿ ತೋಯುತ್ತಿತ್ತು. "ನಾ ಚುಚ್ಚಿದಾಗ ನೀರು ಇದರ ಬುಡಕ್ಕಿತ್ತು. ಅರ್ಧ ತಾಸಿನಾಗ ಒಂದು ಗೇಣು ಏರೇತಿ. ಇವತ್ತ ಬ್ಯಾಡ್ರಿ" ಎಂದರು. ನಮ್ಮ ತಲೆ ಮೇಲೆ ಮೋಡ ಕೂಡ ಇರಲಿಲ್ಲ. ಒಲ್ಲದ ಮನಸ್ಸಿನಿಂದ ಗಾಡಿ ತಿರುಗಿಸಿದೆವು. ಸೇತುವೆಯ ಗುರುತಿನ ಕಲ್ಲುಗಳೂ ಮುಳುಗಿದವು ಎಂದು ರಾತ್ರಿ ಆಚೆ ದಂಡೆಯಿಂದ ಫೋನ್ ಬಂತು.

ಗಾಡಿಯಲ್ಲಿ ಓದಿದವರು ಐದು ಜನ ಇದ್ದೆವು. ಅಳತೆ ಮಾಡಿದ್ದು ಆ ಅಜ್ಜ ಒಬ್ಬರೇ. ಅವರು ಹೇಳಿದ ಮಾತಲ್ಲಿ ಹೊತ್ತು ಇತ್ತು, ಜಾಗ ಇತ್ತು, ನೀರು ಏರುವ ವೇಗ ಇತ್ತು. ಒಂದು ಊರಿನ ಮೇಲೆ 'ಸುರಕ್ಷಿತ' ಅಂತಲೋ 'ಅಪಾಯ' ಅಂತಲೋ ಚೀಟಿ ಅಂಟಿಸಿದರೆ ಸಾಲದು. ಇವತ್ತು, ಈ ದಾರಿಯಲ್ಲಿ, ಈ ಹೊತ್ತಿಗೆ, ಈ ಮನುಷ್ಯ ಹೋದರೆ ಏನಾಗಬಹುದು? ಈ ಒಂದು ಪ್ರಶ್ನೆ ಕೈಯಲ್ಲಿ ಹಿಡಿದುಕೊಂಡು ಕೆಳಗಿನದ್ದನ್ನೆಲ್ಲ ಓದಿ.

2003ರ ಆಗಸ್ಟ್ 19ರಂದು ಬಾಗ್ದಾದಿನ ವಿಶ್ವಸಂಸ್ಥೆ ಕಚೇರಿಯ ಮೇಲೆ ಬಾಂಬ್ ದಾಳಿ ಆಗಿ 22 ಜನ ಸತ್ತರು. ಆ ದಿನವನ್ನೇ ಈಗ ವಿಶ್ವ ಮಾನವೀಯ ದಿನ ಎಂದು ಆಚರಿಸುತ್ತಾರೆ. ನಮ್ಮ ಧಾರವಾಡ, ಗದಗ, ಹಾವೇರಿ ಯುದ್ಧಭೂಮಿ ಅಲ್ಲ, ನಿಜ. ಆದರೆ ಜಗತ್ತಿನ ಎಲ್ಲ ಕಡೆ ಕಂಡ ಒಂದು ಸಂಗತಿ ನಮಗೂ ಲಾಗೂ ಆಗುತ್ತದೆ. ಪರಿಹಾರ ಕೆಲಸದಲ್ಲಿ ಹಲ್ಲೆಗೆ ಒಳಗಾಗುವವರಲ್ಲಿ ಹೆಚ್ಚಿನವರು ಹೊರಗಿನಿಂದ ಬಂದವರಲ್ಲ, ಅದೇ ನೆಲದ ಕೆಲಸಗಾರರು.

ಹಂತ 1: ಹೋಗುವವರ ಹೆಸರು ಬರೆಯಿರಿ

ಎಲ್ಲರೂ ಮೊದಲು ಊರಿನ ಹೆಸರು ಬರೆಯುತ್ತಾರೆ. ನೀವು ಜನರ ಹೆಸರಿನಿಂದ ಶುರು ಮಾಡಿ. ಡ್ರೈವರ್ ಹೆಸರೂ ಬರಬೇಕು, ಆ ಊರಿನಿಂದ ನಿಮ್ಮ ಜೊತೆ ಓಡಾಡುವ ಹುಡುಗನ ಹೆಸರೂ ಬರಬೇಕು. ಹೆಚ್ಚಿನ ತಂಡಗಳು ಮರೆಯುವುದು ಈ ಇಬ್ಬರನ್ನೇ.

ಪ್ರತಿ ಹೆಸರಿನ ಮುಂದೆ ಒಂದೆರಡು ಸಾಲು ಸಾಕು. ಈಜು ಬರುತ್ತದಾ? ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆ ಇದೆಯಾ? ನಿನ್ನೆ ರಾತ್ರಿ ಎಷ್ಟು ತಾಸು ನಿದ್ದೆ ಆಗಿದೆ? ಇಲ್ಲಿಯ ಮಾತು ಬರುತ್ತದಾ, ಬೆಂಗಳೂರಿನಿಂದ ಬಂದವರಾ? ಆ ಊರಲ್ಲಿ ಅವರ ಜಾತಿ, ಧರ್ಮ, ಪಕ್ಷದ ಗುರುತು ಯಾರಿಗಾದರೂ ಸಿಟ್ಟು ತರಿಸುತ್ತದಾ? ಈ ಕೊನೆಯ ಪ್ರಶ್ನೆ ಕೇಳಲು ಮುಜುಗರ ಆಗುತ್ತದೆ, ಗೊತ್ತು. ಆದರೂ ಅದನ್ನು ತಂಡದ ಮುಖ್ಯಸ್ಥರು ಆ ವ್ಯಕ್ತಿಯ ಜೊತೆ ಒಬ್ಬರೇ ಕೂತು ಕೇಳಬೇಕು, ಗುಟ್ಟಾಗಿ ಇಡಬೇಕು. ಉತ್ತರ ಏನೇ ಬಂದರೂ ಅವರನ್ನು ಬಿಟ್ಟು ಹೋಗಲು ಅದು ಕಾರಣ ಆಗಬಾರದು. ಜೊತೆಗೆ ಯಾರನ್ನು ಕಳಿಸಬೇಕು ಎಂದು ತಿಳಿಯಲು ಅದು ಬೇಕು.

ಹೆಣ್ಣುಮಕ್ಕಳ ವಿಷಯದಲ್ಲಿ ತಂಡಗಳು ಸಾಮಾನ್ಯವಾಗಿ ಎರಡು ತಪ್ಪು ಮಾಡುತ್ತವೆ. ಒಂದು, "ಅಕ್ಕಾ, ನೀವು ಬರೋದು ಬೇಡ" ಎಂದು ಮನೆಯಲ್ಲೇ ಕೂರಿಸುವುದು. ಇನ್ನೊಂದು, ಗಂಡಸರಿಗೆ ಮಾಡಿದ ಪ್ಲಾನಿನಲ್ಲೇ ಅವರನ್ನೂ ಸೇರಿಸಿಬಿಡುವುದು. ಶೌಚಾಲಯ ಎಲ್ಲಿ, ರಾತ್ರಿ ಉಳಿದರೆ ಯಾರ ಮನೆಯಲ್ಲಿ, ಬಾಗಿಲಿಗೆ ಒಳಗಿನಿಂದ ಚಿಲಕ ಇದೆಯಾ, ತೊಂದರೆ ಆದರೆ ಯಾವ ಮಹಿಳೆಗೆ ಫೋನ್ ಮಾಡಬೇಕು ಎಂದು ಮೊದಲೇ ಗೊತ್ತುಮಾಡಿ. ತೊಂದರೆ ಕೊಡುವವರು ಊರಿನವರೇ ಆಗಬೇಕೆಂದಿಲ್ಲ, ನಮ್ಮದೇ ತಂಡದವರು ಆಗಿರಬಹುದು. 2013ರ ಕಾನೂನಿನ ಪ್ರಕಾರ ಹತ್ತು ಅಥವಾ ಹೆಚ್ಚು ಕೆಲಸಗಾರರಿರುವ ಸಂಸ್ಥೆಯಲ್ಲಿ ಲೈಂಗಿಕ ಕಿರುಕುಳದ ದೂರು ಕೇಳುವ ಆಂತರಿಕ ಸಮಿತಿ ಇರಲೇಬೇಕು. ಸಣ್ಣ ಸಂಸ್ಥೆಯವರಿಗೆ ಜಿಲ್ಲೆಯ ಸ್ಥಳೀಯ ಸಮಿತಿ ಇದೆ. ಸ್ವಯಂಸೇವಕಿಯರಿಗೆ ಇದನ್ನು ಹೊರಡುವ ಮೊದಲೇ ಹೇಳಿ.

ಹಂತ 2: ಏನಾಗಬಹುದು ಎಂದು ಪೂರ್ತಿ ವಾಕ್ಯದಲ್ಲಿ ಬರೆಯಿರಿ

'ಪ್ರವಾಹ', 'ರಸ್ತೆ', 'ಗಲಾಟೆ' ಎಂದು ಒಂದೊಂದೇ ಪದ ಬರೆದರೆ ಏನೂ ಉಪಯೋಗ ಇಲ್ಲ. "ಸಂಜೆ ಏಳಕ್ಕೆ ವಾಪಸ್ ಬರುವಾಗ ಹಳ್ಳ ಏರಿ, ಗಾಡಿ ಸೇತುವೆ ಮೇಲೆ ಸಿಕ್ಕಿಕೊಳ್ಳಬಹುದು" ಎಂದು ಬರೆಯಿರಿ. ವಾಕ್ಯ ಪೂರ್ತಿ ಆದಾಗಲೇ ಪರಿಹಾರವೂ ಕಾಣುತ್ತದೆ. ಏಳರ ಬದಲು ಮೂರಕ್ಕೆ ಹೊರಟರೆ ಹೇಗೆ ಎಂದು ಯಾರಾದರೂ ಕೇಳುತ್ತಾರೆ.

ನಮ್ಮ ಮೂರು ಜಿಲ್ಲೆಗಳಲ್ಲಿ ಯಾವುದನ್ನು ಬಿಡಬಾರದು ಎಂದು ಹೇಳುತ್ತೇನೆ.

ಮೊದಲನೆಯದು ರಸ್ತೆ. ಎಲ್ಲರೂ ನೀರಿಗೆ ಹೆದರುತ್ತಾರೆ, ರಸ್ತೆಗೆ ಹೆದರುವವರು ಕಡಿಮೆ. 2024ರ ಜೂನ್ 28ರಂದು ಬೆಳಗಿನ ಜಾವ ಬ್ಯಾಡಗಿ ತಾಲ್ಲೂಕಿನ ಗುಂಡೇನಹಳ್ಳಿ ಕ್ರಾಸ್ ಹತ್ತಿರ ನಿಂತಿದ್ದ ಲಾರಿಗೆ ಟೆಂಪೋ ಟ್ರಾವೆಲರ್ ಗುದ್ದಿ 13 ಜನ ತೀರಿಕೊಂಡರು. ಸವದತ್ತಿ ಯಲ್ಲಮ್ಮನ ದರ್ಶನ ಮುಗಿಸಿ ಊರಿಗೆ ಮರಳುತ್ತಿದ್ದವರು. ಪರಿಹಾರದ ಗಾಡಿಗಳೂ ಹೀಗೇ ಓಡುತ್ತವೆ ಅಲ್ವಾ? ದಿನವಿಡೀ ಕೆಲಸ, ರಾತ್ರಿ ವಾಪಸ್, ಡ್ರೈವರಿಗೆ ನಿದ್ದೆ ಇಲ್ಲ, ಹಿಂದೆ ಸಾಮಾನಿನ ಮೇಲೆ ಜನ. ನಾನು ರೊಟ್ಟಿ ಗಂಟಿನ ಮೇಲೆ ಕೂತು ಹೋಗಿದ್ದೆ ಎಂದೆನಲ್ಲ, ಅದು ತಪ್ಪು. ಈಗ ಯಾರನ್ನೂ ಹಾಗೆ ಕೂರಿಸುವುದಿಲ್ಲ.

ಎರಡನೆಯದು ನೀರು. ಇಲ್ಲಿನ ನೀರಿನ ಗುಣವೇ ಬೇರೆ. ಬೆಣ್ಣೆಹಳ್ಳ ಕುಂದಗೋಳ, ಹುಬ್ಬಳ್ಳಿ, ನವಲಗುಂದ ಸೀಮೆ ದಾಟಿ ಮಲಪ್ರಭಾ ಸೇರುತ್ತದೆ. ಮೇಲೆ ಮಳೆ ಬಿದ್ದರೆ ಕೆಳಗೆ ಬಿಸಿಲಲ್ಲೇ "ಹಳ್ಳ ಬಂತು" ಎನ್ನುತ್ತಾರೆ. ಹಾವೇರಿಯ ವರದಾ ಹುಟ್ಟುವುದು ಸಾಗರದ ಹತ್ತಿರದ ವರದಾಮೂಲದಲ್ಲಿ. ಮಲೆನಾಡಿನ ಮಳೆಯ ನೀರು ಹಾನಗಲ್, ಹಾವೇರಿ, ಸವಣೂರು ಕಡೆಯ ಹೊಲಕ್ಕೆ ಬರುತ್ತದೆ. ಮಲಪ್ರಭೆಗೆ ನವಿಲುತೀರ್ಥ ಜಲಾಶಯದಿಂದ ಎಷ್ಟು ಕ್ಯೂಸೆಕ್ ಬಿಡುತ್ತಿದ್ದಾರೆ ಎನ್ನುವುದೇ ಮುಖ್ಯ. ಹಾಗಾಗಿ ನೀವು ನಿಂತಲ್ಲಿನ ಆಕಾಶ ನೋಡಿ ತೀರ್ಮಾನ ಮಾಡಬೇಡಿ. ಮೇಲಿನ ಊರಿಗೆ ಫೋನ್ ಮಾಡಿ.

ಅರ್ಧ ಅಡಿ ಹರಿಯುವ ನೀರು ದೊಡ್ಡ ಮನುಷ್ಯನನ್ನು ಬೀಳಿಸುತ್ತದೆ. ಒಂದು ಅಡಿಗೆ ಸಣ್ಣ ಕಾರು ತೇಲುತ್ತದೆ. ಎರಡು ಅಡಿಗೆ ಹೆಚ್ಚಿನ ಗಾಡಿಗಳು ಹೋಗಿಬಿಡುತ್ತವೆ. ಟ್ರ್ಯಾಕ್ಟರ್ ಎತ್ತರ ಇದೆ ಎಂದು ಟ್ರೇಲರ್ ತುಂಬ ಜನ ಹತ್ತುವುದನ್ನು ಪ್ರತಿ ವರ್ಷ ನೋಡುತ್ತೇನೆ. ನೀರಿನ ಕೆಳಗೆ ರಸ್ತೆ ಇನ್ನೂ ಉಳಿದಿದೆಯಾ ಎಂದು ಟ್ರ್ಯಾಕ್ಟರಿಗೂ ಗೊತ್ತಿರುವುದಿಲ್ಲ.

ಎರೆ ಮಣ್ಣಿನ ಬಗ್ಗೆ ಒಂದು ಮಾತು. ಮಳೆ ನಿಂತ ಮರುದಿನ ಹೊಲದ ದಾರಿಗೆ ಗಾಡಿ ಇಳಿಸಿದರೆ ಗಾಲಿ ಹೂತುಹೋಗುತ್ತದೆ. ಅದು ಅಪಾಯ ಅಂತ ಯಾರೂ ಬರೆದುಕೊಳ್ಳುವುದಿಲ್ಲ. ಆದರೆ ಗಾಡಿ ಎಬ್ಬಿಸುವಷ್ಟರಲ್ಲಿ ಕತ್ತಲಾಗುತ್ತದೆ, ಮೊಬೈಲ್ ಚಾರ್ಜ್ ಮುಗಿಯುತ್ತದೆ, ವಾಪಸ್ ಬರುವ ಹಳ್ಳ ಏರಿರುತ್ತದೆ. ಸಣ್ಣ ತೊಂದರೆ ದೊಡ್ಡದಾಗುವುದು ಹೀಗೆ.

ಮಣ್ಣಿನ ಗೋಡೆಯ ಮಾಳಿಗೆ ಮನೆಗಳು ಮಳೆ ನಿಂತ ಮೇಲೂ ಬೀಳುತ್ತವೆ. ತೋಯ್ದ ಗೋಡೆ ಒಣಗುವಾಗ ಬಿರುಕು ಬಿಡುತ್ತದೆ. ಫೋಟೋ ತೆಗೆಯಲು, ಪಟ್ಟಿ ಬರೆಯಲು ಅಂಥ ಮನೆಯ ಒಳಗೆ ಹೋಗಬೇಡಿ, ಗೋಡೆಯ ನೆರಳಲ್ಲೂ ಕೂರಬೇಡಿ. ಕಡಿದು ಬಿದ್ದ ವಿದ್ಯುತ್ ತಂತಿಯಿಂದ ಹತ್ತು ಮೀಟರ್ ದೂರ ಇರಿ, 1912ಕ್ಕೆ ಫೋನ್ ಮಾಡಿ. ಹಾವುಗಳು ಒಣ ಜಾಗ ಹುಡುಕಿಕೊಂಡು ಶಾಲೆ, ಗುಡಿ, ಮನೆ ಬಿಟ್ಟು ಬಂದವರು ತಂಗುವ ಕಾಳಜಿ ಕೇಂದ್ರಕ್ಕೇ ಬರುತ್ತವೆ. ಕಚ್ಚಿದರೆ ಕಟ್ಟಬೇಡಿ, ಕೊಯ್ಯಬೇಡಿ. ಉಂಗುರ, ಬಳೆ ತೆಗೆದು, ಕೈಕಾಲು ಅಲ್ಲಾಡದಂತೆ ಇಟ್ಟು ಆಸ್ಪತ್ರೆಗೆ ಓಡಿ. ಹಾವಿನ ಕಡಿತಕ್ಕೆ ಔಷಧಿ ಇದೆಯಾ ಎಂದು ಹತ್ತಿರದ ತಾಲ್ಲೂಕು ಆಸ್ಪತ್ರೆಗೆ ಹೊರಡುವ ಮೊದಲೇ ಕೇಳಿಟ್ಟುಕೊಳ್ಳಿ. ನೀರಲ್ಲಿ ಓಡಾಡಿದವರಿಗೆ ಎರಡು ಮೂರು ವಾರದೊಳಗೆ ಜ್ವರ ಬಂದರೆ ಡಾಕ್ಟರಿಗೆ "ಪ್ರವಾಹದ ನೀರಲ್ಲಿ ನಡೆದಿದ್ದೆ" ಎಂದು ಹೇಳಬೇಕು. ಇಲಿ ಜ್ವರದ ಅನುಮಾನ ಅವರಿಗೆ ಬರುವುದು ಆಗಲೇ.

ಮೂರನೆಯದು ಜನ. ಜನ ಕೆಟ್ಟವರು ಅಂತಲ್ಲ. ಮನೆ ಕಳೆದುಕೊಂಡವರ ಮುಂದೆ ನೀವು ಹೇಗೆ ಕಾಣುತ್ತೀರಿ ಎನ್ನುವುದು ಪ್ರಶ್ನೆ. 2019ರಲ್ಲಿ ಬಿದ್ದ ಮನೆಗಳನ್ನು ಪರಿಹಾರಕ್ಕಾಗಿ, ಎಷ್ಟು ಹಾನಿ ಆಗಿದೆ ಎಂದು ನೋಡಿ ಎ, ಬಿ, ಸಿ ಎಂದು ವಿಂಗಡಿಸಿದರು. ಎ ವರ್ಗಕ್ಕೆ 5 ಲಕ್ಷ, ಸಿ ವರ್ಗಕ್ಕೆ 50 ಸಾವಿರ. ಒಂದೇ ಗೋಡೆ ಹಂಚಿಕೊಂಡ ಎರಡು ಮನೆಗೆ ಬೇರೆ ಬೇರೆ ಅಕ್ಷರ ಬಿದ್ದರೆ ಸಿಟ್ಟು ಬರದೆ ಇರುತ್ತದಾ? ಆ ಊರಿಗೆ ನೀವು ವಹಿ, ಪೆನ್ನು ಹಿಡಿದು ಹೋದರೆ ನಿಮ್ಮನ್ನೂ ಸರ್ವೆಯವರು ಎಂದೇ ತಿಳಿಯುತ್ತಾರೆ. ಸಾಲದ ಕಾಟ ಇರುವ ಊರಲ್ಲಿ ಫೈನಾನ್ಸಿನವರು ಅಂದುಕೊಳ್ಳುತ್ತಾರೆ.

ವದಂತಿಯನ್ನು ಲಘುವಾಗಿ ತೆಗೆದುಕೊಳ್ಳಬೇಡಿ. 2018ರ ಜುಲೈಯಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಮಕ್ಕಳ ಕಳ್ಳರೆಂದು ತಿಳಿದು ಜನ ಒಂದು ಕಾರಿನವರ ಮೇಲೆ ಬಿದ್ದರು, ಒಬ್ಬ ಯುವಕ ಸತ್ತ. ಕಾರಿನವರು ದಾರಿಯಲ್ಲಿ ಶಾಲೆ ಮಕ್ಕಳಿಗೆ ಚಾಕಲೇಟ್ ಕೊಟ್ಟಿದ್ದರು, ಅಷ್ಟೇ. ಉಳಿದದ್ದನ್ನು ವಾಟ್ಸಾಪ್ ಮಾಡಿತು. ಅದಕ್ಕೇ ನಮ್ಮ ತಂಡದಲ್ಲಿ ನಿಯಮ ಇದೆ. ಊರ ಹಿರಿಯರ ಜೊತೆ ಮಾತಾಡುವ ಮೊದಲು ಮಕ್ಕಳಿಗೆ ಏನೂ ಕೊಡುವಂತಿಲ್ಲ, ಅವರ ಫೋಟೋ ತೆಗೆಯುವಂತಿಲ್ಲ.

ಕ್ಯಾಲೆಂಡರ್ ಕೂಡ ನೋಡಿ. 1980ರ ಜುಲೈ 21ರಂದು ರೈತರ ಮೇಲೆ ನಡೆದ ಗೋಲಿಬಾರಿನ ನೆನಪಿಗೆ ನರಗುಂದ, ನವಲಗುಂದದಲ್ಲಿ ಪ್ರತಿ ವರ್ಷ ರೈತರು ಸೇರುತ್ತಾರೆ. ಮಹದಾಯಿ ಹೋರಾಟದ ಬಂದ್, ರಸ್ತೆ ತಡೆ ಯಾವಾಗ ಬೇಕಾದರೂ ಬರಬಹುದು. ಅದರಿಂದ ನಿಮಗೆ ಕೇಡಾಗುತ್ತದೆ ಅಂತಲ್ಲ. ದಾರಿ ಬಂದ್ ಆಗಿ, ಸುತ್ತು ಬಳಸಿ, ಕತ್ತಲೆಗೆ ಸಿಗುತ್ತೀರಿ.

ಹಂತ 3: ಸರಿಯಾದವರನ್ನು ಸರಿಯಾಗಿ ಕೇಳಿ

"ದಾರಿ ಹೇಗಿದೆ, ತೊಂದರೆ ಇದೆಯಾ?" ಎಂದು ಕೇಳಿದರೆ ನಮ್ಮ ಕಡೆ ಬರುವ ಉತ್ತರ ಒಂದೇ. "ಏನಿಲ್ರೀ, ಬರ್ರಿ ಬರ್ರಿ." ಅದು ಪ್ರೀತಿಯ ಮಾತು, ದಾರಿಯ ಸುದ್ದಿ ಅಲ್ಲ.

ನಡೆದದ್ದನ್ನು ಕೇಳಿ. ನಿನ್ನೆ ರಾತ್ರಿ ವಸ್ತಿ ಬಸ್ ಬಂತಾ? ಇವತ್ತು ಬೆಳಿಗ್ಗೆ ಹಾಲಿನ ಗಾಡಿ ಎಷ್ಟು ಹೊತ್ತಿಗೆ ಹೋಯಿತು? ಟೀಚರ್ ಶಾಲೆಗೆ ಬಂದರಾ? ಕರೆಂಟ್ ಹೋಗಿ ಎಷ್ಟು ತಾಸಾಯಿತು? ಬಸ್ ಡ್ರೈವರ್ ಬರದ ದಾರಿಗೆ ನೀವೂ ಹೋಗಬೇಡಿ. ಅವರಿಗೆ ಆ ದಾರಿಯ ಒಂದೊಂದು ತೆಗ್ಗೂ ಗೊತ್ತು.

ಕಡಿಮೆ ಅಂದರೆ ನಾಲ್ಕು ಜನರನ್ನು ಕೇಳಿ: ಆಶಾ ಕಾರ್ಯಕರ್ತೆ, ಪಂಚಾಯ್ತಿಯ ನೀರು ಬಿಡುವವರು, ಕಿರಾಣಿ ಅಂಗಡಿಯವರು, ಕಾಳಜಿ ಕೇಂದ್ರದಲ್ಲಿರುವ ಒಬ್ಬ ಹೆಣ್ಣುಮಗಳು. ಪಂಚಾಯ್ತಿ ಅಧ್ಯಕ್ಷರನ್ನು, ಪಿಡಿಒ ಅವರನ್ನು ಕೇಳಲೇಬೇಕು, ಆದರೆ ಅವರೊಬ್ಬರ ಮಾತಿಗೆ ನಿಲ್ಲಬೇಡಿ. ಊರಲ್ಲಿ ಎರಡು ಪಾರ್ಟಿ ಇದ್ದರೆ ಎರಡೂ ಕಡೆ ಕೇಳಿ. ಒಬ್ಬರ ಮನೆಯಲ್ಲಿ ಚಹಾ ಕುಡಿದು ಬಂದರೆ ಸಾಕು, ನೀವು ಅವರ ಕಡೆಯವರು ಎಂದು ಸಂಜೆಯೊಳಗೆ ಊರಿಗೆಲ್ಲ ಗೊತ್ತಾಗಿರುತ್ತದೆ.

ಹಂತ 4: ಅಂಕ ಹಾಕಿ, ಆದರೆ ಅಂಕಕ್ಕೆ ಶರಣಾಗಬೇಡಿ

ಪ್ರತಿ ವಾಕ್ಯಕ್ಕೂ ಎರಡು ಅಂಕ. ಆಗುವ ಸಾಧ್ಯತೆ 1ರಿಂದ 5. ಹಾಗೆ ಆದಾಗ ಬೀಳುವ ಪೆಟ್ಟು 1ರಿಂದ 5. ಎರಡನ್ನೂ ಗುಣಿಸಿ. ಬೆಣ್ಣೆಹಳ್ಳದ ಆಚೆಯ ಒಂದು ಊರಿಗೆ ಹುಬ್ಬಳ್ಳಿಯಿಂದ ಮಧ್ಯಾಹ್ನ ಹೊರಡುವ ಯೋಚನೆ ಇದೆ ಎಂದುಕೊಳ್ಳಿ. ಸಂಜೆ ಹಳ್ಳ ದಾಟುವಾಗ ಗಾಡಿ ಸಿಕ್ಕಿಕೊಳ್ಳುವುದು: 3 ಮತ್ತು 5, ಅಂದರೆ 15. ರಾತ್ರಿ ವಾಪಸ್ ಬರುವಾಗ ಅಪಘಾತ: 3 ಮತ್ತು 5, ಅದೂ 15. ಹಂಚುವಾಗ ನೂಕಾಟ: 4 ಮತ್ತು 3, 12. ಹೊಲಸು ನೀರಿನಿಂದ ಕಾಲಿಗೆ ಹುಣ್ಣು: 4 ಮತ್ತು 2, 8.

ಈಗ ಹೊರಡುವ ಹೊತ್ತನ್ನು ಬೆಳಗಿನ ಆರೂವರೆಗೆ ತನ್ನಿ, ಮೂರಕ್ಕೆ ಹಳ್ಳದ ಈಚೆಗೆ ಬಂದಿರಬೇಕು ಎಂದಿಡಿ. ಮೊದಲ ಎರಡರ ಸಾಧ್ಯತೆ 3ರಿಂದ 1ಕ್ಕೋ 2ಕ್ಕೋ ಇಳಿಯುತ್ತದೆ. ಒಂದು ರೂಪಾಯಿ ಖರ್ಚಿಲ್ಲ. ಇಷ್ಟಾದ ಮೇಲೂ ಉಳಿಯುವ ಅಪಾಯ ಎಷ್ಟು ಎಂದು ಪಕ್ಕದಲ್ಲಿ ಬರೆಯಿರಿ. ತಂಡ ಒಪ್ಪಬೇಕಾದದ್ದು ಆ ಉಳಿದ ಅಂಕವನ್ನು.

ಗುಣಾಕಾರ ಒಂದು ಕಡೆ ಮೋಸ ಮಾಡುತ್ತದೆ. ಬಿಸಿಲಿಗೆ ತಲೆನೋವು 5 ಮತ್ತು 1, ಒಟ್ಟು 5. ವಿದ್ಯುತ್ ತಂತಿ ತಗುಲುವುದು 1 ಮತ್ತು 5, ಅದೂ 5. ಎರಡೂ ಒಂದೇನಾ? ಅಲ್ಲ. ಪೆಟ್ಟು 5 ಇರುವ ಸಾಲುಗಳನ್ನು ಕೆಂಪು ಪೆನ್ನಿನಲ್ಲಿ ಬೇರೆ ಬರೆದು, ಅಂಕ ಎಷ್ಟೇ ಕಡಿಮೆ ಇರಲಿ, ಒಂದೊಂದಕ್ಕೂ ಉಪಾಯ ಬರೆಯಿರಿ. ಆಮೇಲೆ ಇದೇ ಹಾಳೆಯನ್ನು ಹಂತ 1ರ ಹೆಸರುಗಳ ಜೊತೆ ಇಟ್ಟು ನೋಡಿ. ಈಜು ಬರುವವರಿಗೆ ಹಾಕಿದ 3 ಈಜು ಬಾರದವರಿಗೆ 3 ಆಗಿಯೇ ಇರುವುದಿಲ್ಲ.

ಹಂತ 5: ಅಪಾಯ ತಗ್ಗಿಸುವ ಮೂರು ದಾರಿ

ಜನರ ಒಪ್ಪಿಗೆ ಗಳಿಸುವುದು, ನಮ್ಮನ್ನು ನಾವು ಕಾಪಾಡಿಕೊಳ್ಳುವುದು, ಕಾನೂನಿನ ಬಲ ಇದೆ ಎಂದು ತೋರಿಸುವುದು. ನಮ್ಮ ಕಡೆ ಮೊದಲನೆಯದಕ್ಕೇ ಹೆಚ್ಚು ಹೊತ್ತು ಕೊಡಿ. ಅಗಸಿ ಹತ್ತಿರ ಇಳಿದು, ನಾವು ಯಾರು, ಸಾಮಾನು ಯಾರು ಕೊಟ್ಟದ್ದು, ಎಷ್ಟು ಮನೆಗೆ ಸಾಕಾಗುತ್ತದೆ, ಸರ್ಕಾರದ ಪರಿಹಾರಕ್ಕೂ ಇದಕ್ಕೂ ಸಂಬಂಧ ಇಲ್ಲ ಎಂದು ಗುಡಿ ಕಟ್ಟೆ ಮೇಲೆ ನಿಂತು ಬಾಯಿಬಿಟ್ಟು ಹೇಳಿ. ಎರಡನೆಯದಕ್ಕೆ ಲೈಫ್ ಜಾಕೆಟ್, ಗಮ್ ಬೂಟ್, ಟಾರ್ಚ್, ಹಗ್ಗ. ಪೊಲೀಸರನ್ನು ಜೊತೆಗೆ ಕರೆದೊಯ್ಯುವುದನ್ನು ಯೋಚಿಸಿ ಮಾಡಿ. ಠಾಣೆಗೆ ತಿಳಿಸುವುದು ಒಳ್ಳೆಯದು. ಜೀಪಿನ ಹಿಂದೆ ಊರೊಳಗೆ ಹೋದರೆ ಜನ ನಿಮ್ಮನ್ನು ನೋಡುವ ರೀತಿಯೇ ಬದಲಾಗುತ್ತದೆ.

ಹಂತ 6: ತಿರುಗಿ ಬರುವ ಗೆರೆ

ಹೊರಡುವ ಮೊದಲೇ, ತಲೆ ತಣ್ಣಗಿರುವಾಗ, ಬರೆದಿಡಿ. ಸೇತುವೆ ಮೇಲೆ ನೀರಿದ್ದರೆ ದಾಟುವುದಿಲ್ಲ. ಮೂರಾದರೆ ಸಾಮಾನು ಉಳಿದರೂ ಹೊರಡುತ್ತೇವೆ. ಡ್ರೈವರ್ ಆರು ತಾಸು ನಿದ್ದೆ ಮಾಡಿರದಿದ್ದರೆ ಗಾಡಿ ಹೊರಡುವುದಿಲ್ಲ. ಇದನ್ನು ದಂಡೆ ಮೇಲೆ ನಿಂತು ತೀರ್ಮಾನಿಸಲು ಆಗುವುದಿಲ್ಲ. ಆಚೆಯಿಂದ ಮಕ್ಕಳು ಕೈ ಬೀಸುತ್ತಿರುತ್ತವೆ, ಯಾರಿಗೆ ಮನಸ್ಸು ಬರುತ್ತದೆ?

ತಂಡದ ಯಾರೇ ಒಬ್ಬರು "ಬೇಡ" ಎಂದರೂ ನಿಲ್ಲಬೇಕು. ಹದಿನೆಂಟರ ಹುಡುಗಿ ಹೇಳಿದರೂ ಅಷ್ಟೇ, ಡ್ರೈವರ್ ಹೇಳಿದರೂ ಅಷ್ಟೇ. ಕಾರಣ ಆಮೇಲೆ ಕೇಳಿ. ಹೆದರುಪುಕ್ಕಲ ಎಂದು ಒಮ್ಮೆ ನಕ್ಕರೆ ಅವರು ಮುಂದೆ ಯಾವತ್ತೂ ಬಾಯಿ ತೆರೆಯುವುದಿಲ್ಲ.

ಹಂತ 7: ಹುಬ್ಬಳ್ಳಿಯಲ್ಲಿ ಒಬ್ಬರು ಫೋನ್ ಹಿಡಿದು ಕೂರಬೇಕು

ಅವರ ಕೈಯಲ್ಲಿ ಒಂದು ಹಾಳೆ: ಯಾರು, ಯಾವ ಗಾಡಿ, ಯಾವ ದಾರಿ, ಯಾವ ಹೊತ್ತಿಗೆ ಎಲ್ಲಿ, ರಕ್ತದ ಗುಂಪು, ಮನೆಯವರ ನಂಬರ್. ತಂಡ ಎರಡು ತಾಸಿಗೊಮ್ಮೆ "ಎಲ್ಲಾ ಸರಿ" ಎಂದು ತಿಳಿಸಬೇಕು. ಅರ್ಧ ತಾಸು ತಡವಾದರೆ ಎಲ್ಲರಿಗೂ ಫೋನ್. ಒಂದು ತಾಸಾದರೆ ಊರಿನ ಪರಿಚಯದವರಿಗೆ. ಒಂದೂವರೆ ತಾಸಾದರೆ 112, ಜೊತೆಗೆ ಜಿಲ್ಲಾ ವಿಪತ್ತು ಕಂಟ್ರೋಲ್ ರೂಮಿನ 1077. ಸುಮ್ನೆ ಗಾಬರಿ ಮಾಡಿದೆವಾ ಎಂಬ ಸಂಕೋಚ ಬೇಡ. ಆಂಬುಲೆನ್ಸಿಗೆ 108.

ವಾಟ್ಸಾಪಿನ ಲೈವ್ ಲೊಕೇಶನ್ ಹೆಚ್ಚೆಂದರೆ ಎಂಟು ತಾಸು ಇರುತ್ತದೆ. ಕರೆಂಟ್ ಹೋಗಿ ತಾಸುಗಟ್ಟಲೆ ಆದರೆ ಟವರ್ ಬ್ಯಾಟರಿಯೂ ಮುಗಿಯುತ್ತದೆ. ಎರಡು ಬೇರೆ ಕಂಪನಿಯ ಸಿಮ್, ಒಂದು ಗುಂಡಿ ಫೋನ್, ಕಾಗದದ ಮೇಲೆ ಬರೆದ ನಂಬರುಗಳು ಇರಲಿ.

ಹಂತ 8: ಹಂಚುವ ಜಾಗ

ಗಾಡಿಯ ಮೇಲಿಂದ ಎಸೆದು ಹಂಚಬೇಡಿ. ಜನರ ಮಾನಕ್ಕೂ ಅದು ಸರಿಯಲ್ಲ, ಮಕ್ಕಳು ಗಾಲಿಯ ಕೆಳಗೆ ಬೀಳುವುದೂ ಆಗಲೇ. ಒಮ್ಮೆ ಹಾವೇರಿ ಜಿಲ್ಲೆಯ ಒಂದು ಊರಲ್ಲಿ ನಾವು 200 ಕಿಟ್ ಒಯ್ದಿದ್ದೆವು, ಚೀಟಿ 230 ಹಂಚಿಬಿಟ್ಟಿದ್ದೆವು. ಕೊನೆಯ ಮೂವತ್ತು ಜನ ಮೂರು ತಾಸು ನಿಂತವರು. ಗಾಡಿಯ ಹಿಂಬಾಗಿಲು ಹಾಕುವ ಸಪ್ಪಳ ಕೇಳಿದ್ದೇ ತಡ, ಸಾಲು ಒಡೆಯಿತು. ಗಾಡಿಯ ಮುಖ ಶಾಲೆಯ ಗೋಡೆ ಕಡೆಗಿತ್ತು, ಹೊರಗೆ ತಿರುಗಿಸಲು ಜಾಗ ಇರಲಿಲ್ಲ. ಒಬ್ಬ ಅಜ್ಜಿ ಮುಂದೆ ಬಂದು "ಹುಡುಗ್ರು ನಮಗಂತ ಬಂದಾರ, ಸರೀರಿ" ಎಂದು ಗದರಿಸಿದ್ದರಿಂದ ಬಚಾವಾದೆವು. ಆ ಮೂವತ್ತು ಜನರ ಸಿಟ್ಟು ನ್ಯಾಯವಾಗಿತ್ತು. ತಪ್ಪು ನಮ್ಮ ಎಣಿಕೆಯದು.

ಅಂದಿನಿಂದ ಚೀಟಿ ಯಾವಾಗಲೂ ಸಾಮಾನಿಗಿಂತ ಹತ್ತು ಕಡಿಮೆ. ಗಾಡಿಯ ಮುಖ ರಸ್ತೆ ಕಡೆ, ಡ್ರೈವರ್ ಸೀಟಿನಲ್ಲಿ, ಕೀಲಿ ಗಾಡಿಯಲ್ಲಿ. ಬರುವ ದಾರಿ ಒಂದು, ಹೋಗುವ ದಾರಿ ಇನ್ನೊಂದು. ವಯಸ್ಸಾದವರಿಗೆ, ಬಾಣಂತಿಯರಿಗೆ, ಅಂಗವಿಕಲರಿಗೆ ಬೇರೆ ಸಾಲು, ಕೂರಲು ನೆರಳು. ಯಾರಿಗೆ ಸಿಗುವುದಿಲ್ಲ ಎಂದು ಮೊದಲೇ ಹೇಳಿಬಿಡಿ.

ಚೀಟಿ ಹಂಚಲು ಸಹಾಯ ಮಾಡಿದ ಊರಿನ ಹುಡುಗನನ್ನು ಮರೆಯಬೇಡಿ. ನಾವು ಗಾಡಿ ಹತ್ತಿ ಬಂದ ಮೇಲೆ ಅವನು ಅಲ್ಲೇ ಇರುತ್ತಾನೆ. ಸಿಗದವರ ಕೋಪ ಅವನ ಮನೆ ಬಾಗಿಲಿಗೆ ಹೋಗುತ್ತದೆ. ಪಟ್ಟಿ ನಮ್ಮದು ಎಂದು ಎಲ್ಲರ ಮುಂದೆ ಹೇಳಿ ಬನ್ನಿ. ಮರುದಿನ ಅವನಿಗೆ ಫೋನ್ ಮಾಡಿ.

ಹಂತ 9: ಮರಳಿದ ರಾತ್ರಿಯೇ

ಕೈಕಾಲು ತೊಳೆದು, ಊಟಕ್ಕೆ ಮೊದಲು ಅರ್ಧ ತಾಸು ಕೂತು ಮಾತಾಡಿ. ಆದದ್ದನ್ನಷ್ಟೇ ಅಲ್ಲ, ಸ್ವಲ್ಪದರಲ್ಲಿ ತಪ್ಪಿದ್ದನ್ನೂ ಬರೆಯಿರಿ. ಗಾಲಿ ಜಾರಿತು, ಒಬ್ಬರು ಕುಡಿದು ಬಂದು ಕೈ ಹಿಡಿದರು, ಫೋನ್ ಒಂದು ತಾಸು ಹತ್ತಲಿಲ್ಲ. ಯಾರ ತಪ್ಪು ಎಂದು ಹುಡುಕಲು ಕೂತರೆ ಮುಂದಿನ ಸಲ ಯಾರೂ ಹೇಳುವುದಿಲ್ಲ. ಕಂಡದ್ದು ಮನಸ್ಸಿನಿಂದ ಹೋಗದೆ ನಿದ್ದೆ ಬಾರದವರು ಇದ್ದರೆ ಮರುದಿನದ ಗಾಡಿಗೆ ಅವರನ್ನು ಹತ್ತಿಸಬೇಡಿ, ಒಬ್ಬರನ್ನೇ ಬಿಡಲೂ ಬೇಡಿ.

ಆ ಟಿಪ್ಪಣಿಯ ಜೊತೆ ಹಂತ 4ರ ಹಾಳೆ ತೆಗೆದು ಅಂಕಗಳನ್ನು ಅಲ್ಲೇ ತಿದ್ದಿ. ಬೆಳಿಗ್ಗೆ ಆರಕ್ಕೆ ಮತ್ತೆ ಮೇಲಿನ ಊರಿಗೆ ಫೋನ್ ಮಾಡಿ, ನೀರು ಎಲ್ಲಿಗೆ ಬಂದಿದೆ ಎಂದು ಕೇಳಿ.